ಹಾರ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ

ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ ಹೊಸ ಅಧ್ಯಕ್ಷರು ಬಂದರೆ ಸುದ್ದಿ ಬಹುತೇಕ ಒಂದೇ ಥರ ಇರುತ್ತದೆ: ‘ಅವಿರೋಧ ಆಯ್ಕೆ’. ಕೊರಳಲ್ಲಿ ಹಾರ, ಸುತ್ತ ಹತ್ತು ಜನ. ಆ ಫೋಟೊ ನಮ್ಮ ವಾಟ್ಸ್‌ಆ್ಯಪಿಗೆ ಬರುತ್ತದೆ, ‘ಎರಡು ಸಾಲು ಹಾಕಿ ಸಾರ್’ ಅಂತ ಫೋನೂ ಬರುತ್ತದೆ. ಇವರು ಶಾಲೆಗೆ ಏನು ಮಾಡುತ್ತಾರೆ, ಯಾರನ್ನು ಕೇಳಿ ಮಾಡುತ್ತಾರೆ ಎಂದು ವಿಚಾರಿಸಿದರೆ ಮಾತ್ರ ಆ ಕಡೆಯಿಂದ ಮಾತಿಲ್ಲ.

ಅವಿರೋಧ ಎಂದರೆ ಊರಿನ ಒಗ್ಗಟ್ಟು ಎನ್ನುತ್ತಾರೆ. ನಾವು ಒಪ್ಪುವುದಿಲ್ಲ. ಎಷ್ಟೋ ಊರುಗಳಲ್ಲಿ ಹೆಸರು ಹಿಂದಿನ ರಾತ್ರಿಯೇ ಯಾರದೋ ಜಗಲಿಯ ಮೇಲೆ ತೀರ್ಮಾನವಾಗಿರುತ್ತದೆ. ಪೋಷಕರು ಬೆಳಿಗ್ಗೆ ಬಂದು ಚಪ್ಪಾಳೆ ತಟ್ಟಿ ಸಹಿ ಹಾಕಿ ಹೋಗುತ್ತಾರೆ. ಜಗಲಿಯ ಮೇಲೆ ಕೂತು ತೀರ್ಮಾನ ಮಾಡಿದವರ ಮಕ್ಕಳೋ, ಹಳದಿ ವ್ಯಾನು ಹತ್ತಿ ಕಾನ್ವೆಂಟಿಗೆ ಹೋಗುತ್ತಿರುತ್ತಾರೆ!

ಎಸ್‌ಡಿಎಂಸಿ ಹುಟ್ಟಿದ್ದು ಇದಕ್ಕಲ್ಲ. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ರಾಜ್ಯ ಸರ್ಕಾರ ಈ ಸಮಿತಿಗಳನ್ನು ರಚಿಸಿತು. ಶಾಲೆಯಲ್ಲಿ ಯಾರ ಮಕ್ಕಳು ಓದುತ್ತಾರೋ ಅವರ ಕೈಯಲ್ಲೇ ಅದರ ಉಸ್ತುವಾರಿ ಇರಲಿ ಎಂಬುದು ಉದ್ದೇಶ. 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನೇ ಗಟ್ಟಿ ಮಾಡಿತು. ಅದರ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಅಭಿವೃದ್ಧಿ ಯೋಜನೆ ಮಾಡುವುದು, ಅನುದಾನದ ಖರ್ಚಿನ ಮೇಲೆ ಕಣ್ಣಿಡುವುದು ಅದರ ಕೆಲಸ.

ಹಾಗಾಗಿ ಈ ಸಲ ಅಧ್ಯಕ್ಷರಾಗಲು ಹೊರಟವರನ್ನು ಎಲ್ಲರ ಮುಂದೆ ನಿಲ್ಲಿಸಿ ಈ ನಾಲ್ಕು ಪ್ರಶ್ನೆ ಕೇಳಿ.

ಒಂದು, ಸಭೆ ಯಾವ ಹೊತ್ತಿಗೆ, ಎಲ್ಲಿ? ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಕೂಲಿಗೆ ಹೋದ ತಾಯಿ ಬರಲಾಗದು. ಬಂದರೆ ಆ ದಿನದ ಕೂಲಿ ಹೋಯಿತು. ಸಂಜೆ ಸಭೆ ಇಡುತ್ತೀರಾ? ವರ್ಷಕ್ಕೆ ಒಂದೆರಡು ಸಲವಾದರೂ ಕೇರಿಯಲ್ಲಿ, ತಾಂಡಾದಲ್ಲಿ, ಹಟ್ಟಿಯಲ್ಲಿ ಕೂರುತ್ತೀರಾ?

ಎರಡು, ದುಡ್ಡಿನ ಲೆಕ್ಕ ಎಲ್ಲಿ ಸಿಗುತ್ತದೆ? ಬ್ಯಾಂಕ್ ಖಾತೆ ಅಧ್ಯಕ್ಷರು ಮತ್ತು ಮುಖ್ಯಶಿಕ್ಷಕರ ಹೆಸರಲ್ಲಿ ಜಂಟಿಯಾಗಿರುತ್ತದೆ. ಇಷ್ಟು ಬಂತು, ಬಣ್ಣಕ್ಕೆ ಇಷ್ಟು, ನಲ್ಲಿ ರಿಪೇರಿಗೆ ಇಷ್ಟು ಎಂದು ಶಾಲೆ ಗೋಡೆಯ ಮೇಲೆ ಬರೆಸುತ್ತೀರಾ?

ಮೂರು, ಮಹಿಳಾ ಸದಸ್ಯರ ಕುರ್ಚಿಯಲ್ಲಿ ಕೂರುವವರು ಯಾರು? ಹೆಂಡತಿಯ ಹೆಸರು, ಗಂಡನ ಮಾತು ಎಂಬ ಪದ್ಧತಿ ಪಂಚಾಯಿತಿಯಲ್ಲೇ ಸಾಕಷ್ಟಾಗಿದೆ. ಮಗು ಬಿಸಿಯೂಟ ಉಂಡಿತೋ ಬಿಟ್ಟಿತೋ, ಶೌಚಾಲಯದಲ್ಲಿ ನೀರಿಲ್ಲವೆಂದು ಮಗಳು ಶಾಲೆ ತಪ್ಪಿಸಿದಳೋ ಎಂಬುದು ತಾಯಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ.

ನಾಲ್ಕನೆಯದೇ ದೊಡ್ಡದು. ಶಾಲೆಯ ಹಣೆಬರಹ ಬದಲಿಸುವ ವಿಷಯ ಬಂದರೆ ಎಲ್ಲ ಪೋಷಕರನ್ನೂ ಕರೆದು ಕೇಳುತ್ತೀರಾ? ಮಕ್ಕಳು ಕಡಿಮೆ ಎಂದು ಶಾಲೆಯನ್ನು ಪಕ್ಕದ ಊರಿನ ಶಾಲೆಗೆ ಸೇರಿಸುವುದು, ಇಂಗ್ಲಿಷ್ ಮಾಧ್ಯಮ ತರುವುದು, ಶಾಲೆಯ ಜಾಗ ಇನ್ಯಾವುದಕ್ಕೋ ಬಿಟ್ಟುಕೊಡುವುದು, ಇವನ್ನೆಲ್ಲ ನಾಲ್ಕು ಜನರ ಸಹಿಯಲ್ಲಿ ಮುಗಿಸುವಂತಿಲ್ಲ. ಒಂದನೇ ಕ್ಲಾಸಿನ ಮಗು ನಾಳೆ ಹಳ್ಳ ದಾಟಿ ಶಾಲೆಗೆ ಹೋಗಬೇಕೇ ಎಂಬುದನ್ನು ಅದರ ಅಪ್ಪ ಅಮ್ಮನಿಗೆ ಹೇಳದೆ ತೀರ್ಮಾನಿಸುವ ಅಧಿಕಾರ ಯಾವ ಅಧ್ಯಕ್ಷರಿಗೂ ಇರಬಾರದು.

‘ಹೆಬ್ಬೆಟ್ಟು ಒತ್ತುವವರಿಗೆ ಶಾಲೆ ವಿಷಯ ಏನು ತಿಳಿಯುತ್ತೆ?’ ಎನ್ನುವವರಿದ್ದಾರೆ. ಮೇಷ್ಟ್ರು ಬಾರದ ದಿನ ಎಣಿಸಲು ಡಿಗ್ರಿ ಬೇಕಿಲ್ಲ. ‘ಎಸ್‌ಡಿಎಂಸಿಗೆ ಅಧಿಕಾರವೇ ಇಲ್ಲ’ ಎನ್ನುವವರೂ ಇದ್ದಾರೆ. ಶಿಕ್ಷಕರನ್ನು ನೇಮಿಸುವ ಅಧಿಕಾರ ಇಲ್ಲ ನಿಜ. ಆದರೆ ಸಮಿತಿ ಮಾಡುವ ಅಭಿವೃದ್ಧಿ ಯೋಜನೆಯೇ ಅನುದಾನಕ್ಕೆ ಆಧಾರ ಎಂದು ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ಶಿಕ್ಷಕರು ಬೇಕೆಂದು ಒಬ್ಬರೇ ಮುಖ್ಯಶಿಕ್ಷಕರು ಪತ್ರ ಬರೆದರೆ ಅದು ಕಡತ ಸೇರಬಹುದು. ಅದೇ ಬೇಡಿಕೆಯ ನಡಾವಳಿ ಹಿಡಿದು ಐವತ್ತು ಪೋಷಕರು ಬಿಇಒ ಕಚೇರಿ ಮೆಟ್ಟಿಲು ಹತ್ತಿದರೆ ಅಧಿಕಾರಿ ಉತ್ತರ ಹೇಳಲೇಬೇಕಾಗುತ್ತದೆ.

ಪೋಷಕರೂ ತಮ್ಮ ಪಾಲಿನ ಕೆಲಸ ಮಾಡಬೇಕು. ಓದದೆ ಸಹಿ ಹಾಕಬೇಡಿ. ಓದಲು ಬಾರದಿದ್ದರೆ ಜೋರಾಗಿ ಓದಿಸಿ, ಕೇಳಿ, ಆಮೇಲೆ ಹಾಕಿ. ನಡಾವಳಿ ಪುಸ್ತಕ ತೋರಿಸಿ ಎನ್ನಿ. ತೋರಿಸದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಬಿಪಿಎಲ್ ಕಾರ್ಡ್ ಇದ್ದವರಿಗೆ ಆ ಶುಲ್ಕವೂ ಇಲ್ಲ.

ಈ ನಾಲ್ಕಕ್ಕೂ ಎಲ್ಲರೆದುರು ‘ಹೂಂ’ ಎಂದವರಿಗೆ ಹಾರ ಹಾಕಿ. ಅವರು ಹೇಳಿದ್ದನ್ನು ಅದೇ ದಿನ ನಡಾವಳಿಯಲ್ಲಿ ಬರೆಸಿ. ತಡವರಿಸಿದವರಿಗೆ ಒಂದು ಲೋಟ ಚಹಾ ಕೊಟ್ಟು ಕಳಿಸಿ, ಬೇರೆಯವರನ್ನು ಹುಡುಕಿ.