ದೂರವಾಣಿಯಲ್ಲಿ ವೈದ್ಯರ ಸಲಹೆ: ಮಲ್ಲತ್ತಹಳ್ಳಿಯ ಮನೆಗಳಿಗೆ ಎಷ್ಟು ಆಸರೆ?

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ನಾಗರಭಾವಿ, ಜ್ಞಾನಭಾರತಿ ಮತ್ತು ಉಲ್ಲಾಳುಗಳಿಗೆ (ನಮ್ಮ ಕರಾವಳಿಯ ಉಳ್ಳಾಲವಲ್ಲ) ಹೊಂದಿಕೊಂಡಿರುವ ಊರು ಮಲ್ಲತ್ತಹಳ್ಳಿ. ಒಂದು ಕಾಲದಲ್ಲಿ ಕೆರೆಯಂಚಿನ ಹಳ್ಳಿಯಾಗಿದ್ದ ಇದು ಇಂದು ಡಾ. ಅಂಬೇಡ್ಕರ್ ಇಂಜಿನಿಯರಿಂಗ್ ಕಾಲೇಜು, ಕಲಾಗ್ರಾಮ, ಸಾಲು ಸಾಲು ಬಾಡಿಗೆ ಮನೆಗಳಿರುವ ಬಡಾವಣೆ. ಓದಿಗಾಗಿ, ಕೆಲಸಕ್ಕಾಗಿ ಕರಾವಳಿಯಿಂದ ಬೆಂಗಳೂರಿಗೆ ಹೋದ ನಮ್ಮ ಮಕ್ಕಳು ನೆಲೆಸುವುದು ಇಂತಹ ಬಡಾವಣೆಗಳಲ್ಲೇ. ಅಲ್ಲಿ ನೆರೆಯವರ ಪರಿಚಯ ಕಡಿಮೆ. ಮನೆಯ ವೈದ್ಯರು ಎಂಬ ವಾಡಿಕೆಯೂ ಇಲ್ಲ.

ಅಂತಹ ಒಂದು ಮನೆಯನ್ನು ಊಹಿಸಿಕೊಳ್ಳೋಣ. ರಾತ್ರಿ ಹನ್ನೊಂದು ಗಂಟೆ. ಎರಡು ವರ್ಷದ ಮಗುವಿಗೆ ಮೈ ಸುಡುವ ಜ್ವರ. ಯುವ ತಾಯಿ ಮೊದಲು ಫೋನ್ ಮಾಡುವುದು ಊರಿನಲ್ಲಿರುವ ಅಮ್ಮನಿಗೆ. "ಒದ್ದೆ ಬಟ್ಟೆ ಹಾಕು, ಬೆಳಿಗ್ಗೆ ನೋಡೋಣ" ಎನ್ನುತ್ತಾರೆ ಅಮ್ಮ. ಅದೇ ರಾತ್ರಿ ಊರಿನಲ್ಲಿ ಪಪ್ಪನಿಗೆ ಎದೆ ಉರಿ. ಅಮ್ಮ ಫೋನ್ ಮಾಡುವುದು ಮಲ್ಲತ್ತಹಳ್ಳಿಯ ಮಗಳಿಗೆ. "ಗ್ಯಾಸ್ ಇರಬೇಕು, ಮಾತ್ರೆ ಕೊಡಿ" ಎನ್ನುತ್ತಾಳೆ ಮಗಳು. ಇಬ್ಬರ ಪ್ರೀತಿಯಲ್ಲೂ ಕೊರತೆಯಿಲ್ಲ. ಆದರೆ ಇಬ್ಬರೂ ವೈದ್ಯರಲ್ಲ. ಈ ಎರಡು ಕರೆಗಳ ನಡುವೆ ಇನ್ನೊಂದು ಕರೆಗೆ ಜಾಗವಿದೆಯೇ? ಇದ್ದರೆ ಅದರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು? ಇದು ಇಂದು ನಾವು ಗಂಭೀರವಾಗಿ ಯೋಚಿಸಬೇಕಾದ ವಿಷಯ.

ನಡೆದು ಬಂದ ದಾರಿ

ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಅದು ರೋಗಿಯನ್ನು ಆಸ್ಪತ್ರೆಗೆ ಸಾಗಿಸುವ ಸೇವೆ. ಆದರೆ ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂಬ ಗೊಂದಲಕ್ಕೆ ಉತ್ತರ ಬೇಕಲ್ಲವೇ? ಅದಕ್ಕಾಗಿ 2013ರಲ್ಲಿ ಹುಬ್ಬಳ್ಳಿಯಲ್ಲಿ 104 ಆರೋಗ್ಯ ಸಹಾಯವಾಣಿ ಆರಂಭವಾಯಿತು. ಹಳ್ಳಿಯ ರೈತನೂ ಪಟ್ಟಣದ ಗೃಹಿಣಿಯೂ ಮೂರು ಅಂಕಿ ಒತ್ತಿ ಕನ್ನಡದಲ್ಲೇ ಸಲಹೆ ಪಡೆಯಲಿ ಎಂಬುದು ಇದರ ಉದ್ದೇಶ.

ಕೊರೋನಾ ಕಾಲ ಈ ವ್ಯವಸ್ಥೆಗೆ ದೊಡ್ಡ ಪರೀಕ್ಷೆಯನ್ನೇ ಒಡ್ಡಿತು. 2020ರ ಏಪ್ರಿಲ್‌ನಲ್ಲಿ ರಾಜ್ಯ ಸರಕಾರ 'ಆಪ್ತಮಿತ್ರ' ಎಂಬ 14410 ಸಹಾಯವಾಣಿಯನ್ನು ತೆರೆಯಿತು. ಮೊದಲ ಹಂತದಲ್ಲಿ ನರ್ಸಿಂಗ್, ಆಯುಷ್ ವಿಭಾಗದವರು ಲಕ್ಷಣಗಳನ್ನು ಕೇಳಿ ತಿಳಿದು, ಅಗತ್ಯವಿದ್ದವರ ಕರೆಯನ್ನು ಎರಡನೇ ಹಂತದ ವೈದ್ಯರಿಗೆ ಒಪ್ಪಿಸುತ್ತಿದ್ದರು. ಅದೇ ತಿಂಗಳು ಕೇಂದ್ರ ಸರಕಾರದ ಇ-ಸಂಜೀವಿನಿ ಹೊರರೋಗಿ ಸೇವೆಯೂ ಆರಂಭವಾಗಿ, ಮನೆಯಿಂದಲೇ ವೈದ್ಯರನ್ನು ವಿಡಿಯೋದಲ್ಲಿ ಕಾಣುವುದು ಸಾಧ್ಯವಾಯಿತು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮುಂದಾಳತ್ವದಲ್ಲಿ 'ಟೆಲಿ ಮಾನಸ್' (14416) ದೇಶಕ್ಕೆ ಅರ್ಪಣೆಯಾಯಿತು.

ಸಂಖ್ಯೆಗಳಿಗೇನೂ ಬರವಿಲ್ಲ ಎಂದಾಯಿತು. ಆದರೂ ರಾತ್ರಿ ಹನ್ನೊಂದಕ್ಕೆ ನಮ್ಮವರು ಫೋನ್ ಮಾಡುವುದು ಅಮ್ಮನಿಗೆ, ಅಕ್ಕನಿಗೆ ಅಥವಾ ಗಲ್ಫ್‌ನಲ್ಲಿ ನರ್ಸ್ ಆಗಿರುವ ಸಂಬಂಧಿಕರಿಗೆ.

ಫೋನಿನಲ್ಲಿ ಏನು ಸಾಧ್ಯ?

ಫೋನಿನಲ್ಲಿರುವ ವೈದ್ಯರು ನಾಡಿ ಹಿಡಿದು ನೋಡಲಾರರು, ಹೊಟ್ಟೆ ಒತ್ತಿ ನೋಡಲಾರರು. ನಾವು ಹೇಳಿದ ಮಾತೇ ಅವರ ಕಣ್ಣು, ಅವರ ಕೈ. "ಮಗುವಿಗೆ ಹುಷಾರಿಲ್ಲ" ಎಂದರೆ ಅವರಿಗೆ ಏನೂ ತಿಳಿಯದು. ವಯಸ್ಸು, ತೂಕ, ಜ್ವರ ಯಾವಾಗ ಶುರುವಾಯಿತು, ಥರ್ಮಾಮೀಟರ್‌ನಲ್ಲಿ ಎಷ್ಟು ಬಂತು, ಮೂತ್ರ ಹೋಗುತ್ತಿದೆಯೇ, ನೀರು ಕುಡಿಯುತ್ತಿದೆಯೇ, ಈಗಾಗಲೇ ಯಾವ ಔಷಧ ಎಷ್ಟು ಕೊಟ್ಟಿದ್ದೀರಿ ಎಂಬುದನ್ನು ಹೇಳಿದರೆ ಮಾತ್ರ ಸಲಹೆಗೆ ಬೆಲೆ. ಮಕ್ಕಳಿಗೆ ಜ್ವರದ ಔಷಧದ ಪ್ರಮಾಣ ನಿರ್ಧಾರವಾಗುವುದೇ ತೂಕದ ಮೇಲೆ. ಹಿರಿಯರಾದರೆ ಬಿ.ಪಿ., ಸಕ್ಕರೆ ಕಾಯಿಲೆ ಇದೆಯೇ, ದಿನವೂ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂಬುದನ್ನು ಸ್ಟ್ರಿಪ್ ಕೈಯಲ್ಲಿ ಹಿಡಿದೇ ಓದಿ ಹೇಳಬೇಕು.

ಕಾನೂನಿನ ಮಿತಿಯೂ ಇದೆ. 2020ರ ಮಾರ್ಚ್ 25ರಂದು ಪ್ರಕಟವಾದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ಮೊದಲ ಬಾರಿಗೆ ಬರೀ ಧ್ವನಿ ಕರೆಯಲ್ಲಿ ಮಾತನಾಡುವ ವೈದ್ಯರು ಪ್ಯಾರಾಸಿಟಮಾಲ್, ಓ.ಆರ್.ಎಸ್.ನಂತಹ ಸಾಮಾನ್ಯ ಔಷಧಗಳನ್ನು ಮಾತ್ರ ಸೂಚಿಸಬಹುದು. ಇನ್ನು ಕೆಲವು ಔಷಧಗಳಿಗೆ ಮೊದಲ ಭೇಟಿ ವಿಡಿಯೋದಲ್ಲಾದರೂ ಆಗಬೇಕು. ಮಾದಕ ಗುಣದ ಔಷಧಗಳನ್ನು ಬರೆಯುವಂತೆಯೇ ಇಲ್ಲ. ಆದ್ದರಿಂದ "ಫೋನ್ ಮಾಡಿದರೂ ಒಂದು ಆಂಟಿಬಯೋಟಿಕ್ ಬರೆದುಕೊಡಲಿಲ್ಲ" ಎಂದು ಗೊಣಗುವುದು ಸರಿಯಲ್ಲ. ಬರೆಯದೆ ಇರುವುದೇ ಅವರ ಕರ್ತವ್ಯ. ಕೇಳಿದ ಕೂಡಲೇ ಮಾತ್ರೆ ಎತ್ತಿಕೊಡುವ ಮೆಡಿಕಲ್ ಶಾಪ್‌ಗಿಂತ ಸಹಾಯವಾಣಿ ಭಿನ್ನವಾಗಿರುವುದು ಇಲ್ಲೇ.

ಜ್ವರ ಬಿಟ್ಟಿತೆಂದು ಮೈಮರೆತರೆ

ಫೋನ್ ಸಲಹೆಯ ಶಕ್ತಿ ಮತ್ತು ದೌರ್ಬಲ್ಯ ಎರಡನ್ನೂ ಡೆಂಗಿ ಜ್ವರ ತೋರಿಸಿಕೊಡುತ್ತದೆ. 2024ರಲ್ಲಿ ಕರ್ನಾಟಕದಲ್ಲಿ ಡೆಂಗಿ ಎಷ್ಟು ಹಬ್ಬಿತೆಂದರೆ ಸರಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಡೆಂಗಿಯ ಸೊಳ್ಳೆ ಹುಟ್ಟುವುದು ಹೆಚ್ಚಾಗಿ ಮನೆಯ ಡ್ರಮ್, ಸಂಪು, ಹೂಕುಂಡಗಳಲ್ಲಿ ನಿಂತ ತಿಳಿನೀರಿನಲ್ಲಿ. ನಲ್ಲಿ ನೀರು ದಿನವೂ ಬಾರದ ಬಡಾವಣೆಗಳಲ್ಲಿ ನೀರು ಹಿಡಿದಿಡದೆ ವಿಧಿಯಿಲ್ಲ. ಹಾಗೆ ಹಿಡಿದಿಟ್ಟ ನೀರನ್ನು ಮುಚ್ಚಿಡುವುದಾದರೂ ನಮ್ಮ ಕೈಯಲ್ಲಿದೆ.

ಜ್ವರದ ಮೊದಲ ದಿನ ಸಹಾಯವಾಣಿಗೆ ಕರೆ ಮಾಡಿದರೆ ಸಿಗುವ ಸಲಹೆ ಸರಳ: ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಚೆನ್ನಾಗಿ ನೀರು ಕುಡಿಯಿರಿ. ಈ ಒಂದು ಮಾತೇ ರಕ್ತಸ್ರಾವದ ಅಪಾಯವನ್ನು ತಪ್ಪಿಸಬಲ್ಲದು. ಆದರೆ ಡೆಂಗಿಯ ನಿಜವಾದ ಅಪಾಯ ಇರುವುದು ಜ್ವರ ಇಳಿಯುವ ಹೊತ್ತಿನಲ್ಲಿ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ. ಮನೆಯವರು "ಜ್ವರ ಬಿಟ್ಟಿತು" ಎಂದು ನಿಟ್ಟುಸಿರು ಬಿಡುವಾಗಲೇ ತೀವ್ರ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಾಣಿಸಿಕೊಳ್ಳಬಹುದು. ಮೊದಲ ದಿನದ ಸಲಹೆಯನ್ನೇ ನಂಬಿ ಐದನೇ ದಿನವೂ ಮನೆಯಲ್ಲೇ ಕುಳಿತರೆ ಆ ಸಲಹೆಯೇ ಮುಳುವಾದೀತು. ಆದ್ದರಿಂದ ಕರೆ ಮುಗಿಸುವ ಮುನ್ನ ಕೇಳಲೇಬೇಕಾದ ಪ್ರಶ್ನೆ ಒಂದಿದೆ: "ಏನು ಕಂಡರೆ ನಾವು ತಕ್ಷಣ ಆಸ್ಪತ್ರೆಗೆ ಹೊರಡಬೇಕು?"

ಫೋನ್ ಮಾಡುತ್ತಾ ಕೂರಬಾರದ ಸಮಯ

ಎದೆಯಲ್ಲಿ ಒತ್ತಿದಂತಹ ನೋವು, ಬೆವರು, ಎಡಗೈಗೆ ಅಥವಾ ದವಡೆಗೆ ಹಬ್ಬುವ ನೋವು. ಮುಖ ಒಂದು ಬದಿಗೆ ವಾಲುವುದು, ಮಾತು ತೊದಲುವುದು, ಒಂದು ಕೈ ಸೋಲುವುದು. ಉಸಿರಾಟದ ತೀವ್ರ ತೊಂದರೆ, ಫಿಟ್ಸ್, ಹಾವು ಕಡಿತ, ವಿಷ ಸೇವನೆ, ಗರ್ಭಿಣಿಗೆ ರಕ್ತಸ್ರಾವ, ಮೂರು ತಿಂಗಳೊಳಗಿನ ಕೂಸಿಗೆ ಜ್ವರ. ಇಂತಹ ಹೊತ್ತಿನಲ್ಲಿ ಸಲಹೆ ಕೇಳುತ್ತಾ ಕೂರದೆ 108 ಅಥವಾ 112ಕ್ಕೆ ಕರೆ ಮಾಡಬೇಕು, ಇಲ್ಲವೇ ಸಿಕ್ಕಿದ ವಾಹನದಲ್ಲಿ ಹೊರಡಬೇಕು. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಅವಧಿ ಸುಮಾರು ನಾಲ್ಕೂವರೆ ಗಂಟೆ ಮಾತ್ರ. ಅದರಲ್ಲೂ ಸ್ಕ್ಯಾನ್ ಆಗಬೇಕು. "ಸ್ವಲ್ಪ ಮಲಗಿದರೆ ಸರಿಹೋದೀತು" ಎಂದು ಕಳೆದ ಒಂದೊಂದು ಗಂಟೆಯೂ ರೋಗಿಯ ಕೈಕಾಲಿನ ಬಲವನ್ನು ಕಸಿಯುತ್ತದೆ.

ಈ ಸೇವೆಗಳೂ ಎಂದೂ ಕೈಕೊಡುವುದಿಲ್ಲ ಎಂದೇನಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ದೋಷದಿಂದ ರಾಜ್ಯದ 108 ಕರೆ ಕೇಂದ್ರದ ಕೆಲಸಕ್ಕೆ ಅಡಚಣೆಯಾಗಿತ್ತು. ಆದ್ದರಿಂದ ಹತ್ತಿರದ ಆಸ್ಪತ್ರೆಯ ನೇರ ಸಂಖ್ಯೆ ಮತ್ತು ನಂಬಿಕಸ್ಥ ಆಟೋ ಚಾಲಕರೊಬ್ಬರ ಸಂಖ್ಯೆಯನ್ನು ಪ್ರತಿ ಮನೆಯಲ್ಲೂ ಬರೆದಿಡುವುದು ಒಳ್ಳೆಯದು.

ಹೃದಯಾಘಾತದ ವಿಷಯದಲ್ಲಿ ಫೋನ್ ಇನ್ನೊಂದು ಬಗೆಯಲ್ಲಿ ಜೀವ ಉಳಿಸಿದೆ, ಅದೂ ನಮ್ಮ ಕರಾವಳಿಯಲ್ಲೇ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಆರಂಭಿಸಿದ 'ಮನೆಬಾಗಿಲಿಗೆ ಹೃದ್ರೋಗ ಚಿಕಿತ್ಸೆ' ಯೋಜನೆಯಲ್ಲಿ ಗ್ರಾಮೀಣ ಭಾಗಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಕೊಟ್ಟು, ಅಲ್ಲಿನ ವೈದ್ಯರು ವಾಟ್ಸಾಪ್‌ನಲ್ಲಿ ಕಳಿಸಿದ ಇ.ಸಿ.ಜಿ.ಗಳನ್ನು ತಜ್ಞರು ನೋಡಿ ಸಲಹೆ ಕೊಡುವ ಏರ್ಪಾಡು ಮಾಡಲಾಯಿತು. 2023ರಲ್ಲಿ ರಾಜ್ಯ ಸರಕಾರ ಜಯದೇವ ಹೃದ್ರೋಗ ಸಂಸ್ಥೆಯ ನೆರವಿನಿಂದ ಆರಂಭಿಸಿದ 'ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆಯೂ ಇದೇ ದಾರಿಯದು: ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ಪರಿಶೀಲಿಸುತ್ತಾರೆ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಈ ಎರಡು ಯೋಜನೆಗಳು ಫಲ ಕೊಡಲು ಕಾರಣವೇನು? ಕರೆಯ ಈ ತುದಿಯಲ್ಲಿ ಯಂತ್ರ ಮತ್ತು ತರಬೇತಿ ಇರುವ ಕೈ, ಆ ತುದಿಯಲ್ಲಿ ತಜ್ಞ. ಊರಿನಲ್ಲಿರುವ ಪಪ್ಪನಿಗೆ ಬೇಕಾಗಿರುವುದು ಮಗಳ ಊಹೆಯಲ್ಲ, ಹತ್ತಿರದಲ್ಲೇ ಒಂದು ಇ.ಸಿ.ಜಿ. ಇದನ್ನು ನಮ್ಮ ಮಕ್ಕಳಿಗೂ ಹಿರಿಯರಿಗೂ ಮನದಟ್ಟು ಮಾಡಬೇಕಾಗಿದೆ.

ಸರಕಾರ ಮಾಡಬೇಕಾದುದು

ಬ್ರಿಟನ್ ದೇಶ 1998ರಲ್ಲಿ ನರ್ಸುಗಳೇ ಉತ್ತರಿಸುವ 'ಎನ್.ಎಚ್.ಎಸ್. ಡೈರೆಕ್ಟ್' ಸಹಾಯವಾಣಿಯನ್ನು ಆರಂಭಿಸಿ, 2014ರಲ್ಲಿ ಅದನ್ನು ಮುಚ್ಚಿತು. ಅದರ ಸ್ಥಾನಕ್ಕೆ ಬಂದ 111 ಸೇವೆಯಲ್ಲಿ ಮೊದಲು ಮಾತನಾಡುವವರು ಕಂಪ್ಯೂಟರ್ ತೋರಿಸುವ ಪ್ರಶ್ನೆಗಳನ್ನು ಕೇಳುವ ಸಿಬ್ಬಂದಿ. ಅಗತ್ಯವಿದ್ದರೆ ನರ್ಸ್ ಅಥವಾ ವೈದ್ಯರಿಗೆ ಕರೆ ಹೋಗುತ್ತದೆ. ಅಲ್ಲಿ ಕರೆಯ ಕೊನೆಗೆ ರೋಗಿಯನ್ನು ಆಂಬುಲೆನ್ಸಿಗೋ ಹತ್ತಿರದ ವೈದ್ಯರಿಗೋ ಒಪ್ಪಿಸುವ ವ್ಯವಸ್ಥೆಯೂ ಇದೆ.

ನಮ್ಮಲ್ಲಿ ಇನ್ನೂ ಗಟ್ಟಿಯಾಗಬೇಕಾದ ಕೊಂಡಿ ಇದೇ. 2023ರಲ್ಲಿ ಬೆಂಗಳೂರಿನ ವಾರ್ಡುಗಳಲ್ಲಿ 'ನಮ್ಮ ಕ್ಲಿನಿಕ್'ಗಳು ತೆರೆದವು. ಇದು ಸ್ವಾಗತಾರ್ಹ. ರಾತ್ರಿ ಸಹಾಯವಾಣಿಗೆ ಕರೆ ಮಾಡಿದ ತಾಯಿಯ ವಿವರ ಮರುದಿನ ಬೆಳಿಗ್ಗೆ ಅವಳ ಬಡಾವಣೆಯ ಕ್ಲಿನಿಕ್‌ಗೆ ತಲುಪಿದರೆ, "ಮಗು ಹೇಗಿದೆ?" ಎಂದು ಮೂರನೇ ದಿನ ಒಂದು ಮರುಕರೆ ಬಂದರೆ, ಆಗ ಅದು ನಿಜವಾದ ಸೇವೆ. ಇಲ್ಲವಾದರೆ "ಹತ್ತಿರದ ವೈದ್ಯರನ್ನು ಕಾಣಿರಿ" ಎಂಬ ಒಂದೇ ಮಾತು ಕೇಳಿದ ಜನ ಎರಡನೇ ಬಾರಿ ಆ ಸಂಖ್ಯೆಯನ್ನು ಒತ್ತಲಾರರು.

ಧರ್ಮಕೇಂದ್ರಗಳು ಮಾಡಬಹುದಾದುದು

ಎಲ್ಲವನ್ನೂ ಸರಕಾರದ ಮೇಲೆ ಹೊರಿಸಿ ಸುಮ್ಮನಿರುವುದು ಕ್ರೈಸ್ತರಿಗೆ ತಕ್ಕುದಲ್ಲ. ಊರಿನಲ್ಲಿ ಒಂಟಿಯಾಗಿರುವ ಎಷ್ಟೋ ಹಿರಿಯರ ಕೈಯಲ್ಲಿ ಮೊಬೈಲ್ ಇದೆ, ಆದರೆ 'ಒಂದನ್ನು ಒತ್ತಿ, ಎರಡನ್ನು ಒತ್ತಿ' ಎಂಬ ಧ್ವನಿ ಕೇಳಿದೊಡನೆ ಕರೆ ಕಡಿಯುತ್ತಾರೆ. ಕೊಂಕಣಿಯಲ್ಲೋ ತುಳುವಿನಲ್ಲೋ ನೋವನ್ನು ಹೇಳಬಲ್ಲ ಅಜ್ಜಿಗೆ ಅದೇ ನೋವನ್ನು ಕನ್ನಡದಲ್ಲಿ ವಿವರಿಸುವುದು ಕಷ್ಟ. ಪ್ರತಿ ವಾಳೆಯಲ್ಲೂ ಗುರ್ಕಾರರು ಇಬ್ಬರು ಯುವಕ ಯುವತಿಯರನ್ನು ಈ ಕೆಲಸಕ್ಕೆ ಗೊತ್ತುಮಾಡಬಹುದು: ಕರೆ ಮಾಡಿಕೊಡಲು, ಅಜ್ಜಿಯ ಮಾತನ್ನು ತಲುಪಿಸಲು, ಸಲಹೆಯನ್ನು ಕಾಗದದಲ್ಲಿ ಬರೆದಿಡಲು, ಮರುದಿನ ಮನೆಗೆ ಹೋಗಿ ವಿಚಾರಿಸಲು. ನಿವೃತ್ತ ದಾದಿಯರೂ ನರ್ಸಿಂಗ್ ಕಲಿಯುವ ಮಕ್ಕಳೂ ಇರುವ ಧರ್ಮಕೇಂದ್ರಗಳಲ್ಲಿ ಇದು ದೊಡ್ಡ ಹೊರೆಯೇನಲ್ಲ.

ಮಲ್ಲತ್ತಹಳ್ಳಿಯಂತಹ ಕಡೆ ಒಂಟಿಯಾಗಿ ಕೋಣೆ ಮಾಡಿಕೊಂಡಿರುವ ನಮ್ಮ ಯುವಜನರಿಗೆ ಟೆಲಿ ಮಾನಸ್ ಸಂಖ್ಯೆಯನ್ನು ತಿಳಿಸುವುದೂ ಅಷ್ಟೇ ಮುಖ್ಯ. ಪರೀಕ್ಷೆ, ಕೆಲಸ, ಸಾಲದ ಒತ್ತಡವನ್ನು ಅಪ್ಪ ಅಮ್ಮನಿಗೆ ಹೇಳಲಾಗದವರು ಮುಖ ಕಾಣದ ಒಬ್ಬರ ಬಳಿ ಹೇಳಿಕೊಂಡಾರು. ಇಲ್ಲಿ ಮುಖ ಕಾಣದಿರುವುದೇ ಫೋನಿನ ಉಪಕಾರ.

ಒಂದು ಎಚ್ಚರಿಕೆಯೂ ಬೇಕು. ಅಂತರ್ಜಾಲದಲ್ಲಿ ಹುಡುಕಿದಾಗ ಸಿಗುವ ಎಲ್ಲ 'ಸಹಾಯವಾಣಿ' ಸಂಖ್ಯೆಗಳೂ ಅಸಲಿಯಲ್ಲ. ಸಲಹೆ ಕೊಡುವ ಮುನ್ನ ಹಣ ಕಳಿಸಿ ಎನ್ನುವವರು, ಓ.ಟಿ.ಪಿ. ಕೇಳುವವರು ವಂಚಕರು. ಸರಕಾರಿ ಸಂಖ್ಯೆಗಳನ್ನು ಆರೋಗ್ಯವಾಗಿರುವಾಗಲೇ ಖಚಿತಪಡಿಸಿಕೊಂಡು ಗೋಡೆಯ ಮೇಲೆ ಬರೆದಿಡಿ.

ಪ್ರತಿ ವರ್ಷ ಫೆಬ್ರವರಿ 11ರಂದು, ಲೂರ್ದ್ ಮಾತೆಯ ಹಬ್ಬದ ದಿನ, ಧರ್ಮಸಭೆ ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತದೆ. ಎರಡನೇ ಜಾನ್ ಪಾವ್ಲ್ ಜಗದ್ಗುರುಗಳು 1992ರಲ್ಲಿ ಸ್ಥಾಪಿಸಿದ ದಿನವಿದು. ಅಂದು ರೋಗಿಗಳಿಗೆ ಅಭ್ಯಂಗ, ವಿಶೇಷ ಪ್ರಾರ್ಥನೆ ಎಲ್ಲವೂ ನಡೆಯುತ್ತದೆ. ಅದರ ಜತೆಗೆ ಈ ನಾಲ್ಕಾರು ಸಂಖ್ಯೆಗಳ ಚೀಟಿಯನ್ನೂ ಮನೆಮನೆಗೆ ಹಂಚಿದರೆ ಒಳ್ಳೆಯದಲ್ಲವೇ? ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ದಯಾಳು ಸಮಾರಿಯದವನು ದೂರದಿಂದ ಸಲಹೆ ಕೊಟ್ಟು ಹೋಗಲಿಲ್ಲ. ಗಾಯ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದ, ಮತ್ತೆ ಬಂದು ವಿಚಾರಿಸುವೆನೆಂದ. ಸಹಾಯವಾಣಿ ದಾರಿ ತೋರಿಸಬಹುದು. ಕರೆದೊಯ್ಯುವ ಕೆಲಸ ನೆರೆಯವರದು. ಮಲ್ಲತ್ತಹಳ್ಳಿಯ ಆ ತಾಯಿಗೆ ಪಕ್ಕದ ಮನೆಯ ಬಾಗಿಲು ತಟ್ಟುವ ಧೈರ್ಯವಿರಲಿ, ಊರಿನ ಪಪ್ಪನ ಮನೆಗೆ ಓಡಿ ಬರುವ ನೆರೆಯವರು ನಾವಾಗೋಣ.