ನೀರು ಬೆರೆತ ಸಾಕ್ಷ್ಯ

ಮಾದಕದ್ರವ್ಯಗಳ ಸೇವನೆಯನ್ನು ಕಂಡುಹಿಡಿಯುವುದಕ್ಕಾಗಿ ನೌಕರರ ಮೂತ್ರವನ್ನು ಪರೀಕ್ಷಿಸುವ ಪದ್ಧತಿಯು ನಮ್ಮ ದೇಶಕ್ಕೂ ಬಂದಿರುವುದು. ವಿಮಾನ ಚಾಲಕರಿಗೂ, ವಿಮಾನ ಸಂಚಾರವನ್ನು ನಿಯಂತ್ರಿಸುವವರಿಗೂ 2022ನೆಯ ಇಸವಿಯಿಂದ ಇಂಥ ಪರೀಕ್ಷೆಯು ವಿಧಿಸಲ್ಪಟ್ಟಿದೆ. ನೂರಾರು ಜನರ ಪ್ರಾಣವು ಯಾರ ಕೈಯಲ್ಲಿರುವುದೋ ಅವರ ಬುದ್ಧಿಯು ಸ್ವಸ್ಥವಾಗಿರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬನ ಅನ್ನವನ್ನೇ ಕಸಿದುಕೊಳ್ಳಬಲ್ಲ ಸಾಕ್ಷ್ಯವು ನಂಬತಕ್ಕದ್ದೇ ಎಂದು ಕೇಳುವುದು ಪ್ರಜೆಗಳ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಅಹುದು.

ತೊಡಕೆಲ್ಲವೂ ನೀರಿನದು. ಪ್ರಯೋಗಶಾಲೆಯು ಅಳೆಯುವುದು ದೇಹವನ್ನು ಹೊಕ್ಕ ದ್ರವ್ಯವನ್ನಲ್ಲ. ಒಂದು ಮಿಲಿಲೀಟರು ಮೂತ್ರದಲ್ಲಿ ದೊರೆಯುವ ಅದರ ಅಂಶವನ್ನು. ಅಮೆರಿಕಾ ಸರಕಾರದ ನಿಯಮದಲ್ಲಿ ಗಾಂಜಾದ ಮೊದಲ ಪರೀಕ್ಷೆಗೆ ಮಿತಿಯು 50 ನ್ಯಾನೋಗ್ರಾಂ. 60 ಕಂಡವನು ಸಿಕ್ಕಿಬೀಳುವನು. ಅವನಷ್ಟೇ ಸೇವಿಸಿ, ಹೊಟ್ಟೆತುಂಬ ನೀರು ಕುಡಿದು ಬಂದವನಲ್ಲಿ 20 ಮಾತ್ರ ಕಂಡರೆ ಅವನು ಪಾರಾಗುವನು.

ಈ ಅನ್ಯಾಯವನ್ನು ನೀಗಲು ಶಾಸ್ತ್ರಜ್ಞರು ಕ್ರಿಯಾಟಿನಿನ್ ಎಂಬ ವಸ್ತುವನ್ನು ಆಶ್ರಯಿಸಿರುವರು. ಇದು ಮಾಂಸಖಂಡಗಳಲ್ಲಿ ಹುಟ್ಟಿ, ಪ್ರತಿದಿನವೂ ಬಹುಮಟ್ಟಿಗೆ ಸಮಪ್ರಮಾಣದಲ್ಲಿ ಹೊರಬೀಳುವುದು. 1886ರಲ್ಲಿ ಯಾಫೆಯೆಂಬ ವಿದ್ವಾಂಸನು ಕಂಡುಹಿಡಿದ ವರ್ಣಕ್ರಿಯೆಯು ಅದನ್ನು ಅಳೆಯಲು ನೆರವಾಯಿತು. ಮೊದಲನೆಯವನಲ್ಲಿ ಡೆಸಿಲೀಟರಿಗೆ 120 ಮಿಲಿಗ್ರಾಂ, ಎರಡನೆಯವನಲ್ಲಿ 40 ಇದೆಯೆನ್ನೋಣ. ದ್ರವ್ಯದ ಅಂಕಿಯನ್ನು ಇದರಿಂದ ಭಾಗಿಸಿದರೆ ಇಬ್ಬರಿಗೂ 0.5 ಬರುವುದು, ನೀರಿನ ಮರೆಯು ಜಾರಿಬೀಳುವುದು.

ಆದರೆ ಈ ತಕ್ಕಡಿಗೂ ಒಂದು ದೋಷವುಂಟು. ಕ್ರಿಯಾಟಿನಿನ್ನಿನ ಪ್ರಮಾಣವು ಮೈಕಟ್ಟು, ವಯಸ್ಸು, ಲಿಂಗ, ಮಾಂಸಾಹಾರ ಇವುಗಳಿಗನುಸಾರವಾಗಿ ಬೇರೆಯಾಗುವುದು. ಕೃಶಾಂಗಿಯಾದ ಶಾಕಾಹಾರಿ ಸ್ತ್ರೀಯಲ್ಲಿ ಅದು ಸಹಜವಾಗಿಯೇ ಕಡಮೆ. ಕಡಮೆಯ ಅಂಕಿಯಿಂದ ಭಾಗಿಸಿದಾಗ ಲಬ್ಧವು ಹೆಚ್ಚುವುದರಿಂದ, ತಿದ್ದುಪಡಿಯೇ ಆಕೆಯ ಮೇಲೆ ಭಾರವನ್ನು ಹೊರಿಸೀತು. ಅಮೆರಿಕೆಯಲ್ಲಿ ಕ್ರಿಯಾಟಿನಿನ್ 5 ಮಿಲಿಗ್ರಾಮಿಗೆ ಮೀರದೆ, ವಿಶಿಷ್ಟ ಗುರುತ್ವವೂ ನೀರಿನಂತಿದ್ದರೆ, ಅದು ಮೂತ್ರವೇ ಅಲ್ಲವೆಂದು ಹಿಂದೆ ಎಣಿಸುತ್ತಿದ್ದರು. ನೌಕರನು ಪರೀಕ್ಷೆಗೆ ಒಪ್ಪದವನೆನಿಸುತ್ತಿದ್ದನು. ಆರೋಗ್ಯವಂತರಲ್ಲಿಯೂ ಅಷ್ಟು ಕಡಮೆ ಪ್ರಮಾಣವು ಕಾಣಬಹುದೆಂದು ತಿಳಿದ ಮೇಲೆ, 2004ರಲ್ಲಿ ಆ ಮಿತಿಯನ್ನು 2ಕ್ಕೆ ಇಳಿಸಬೇಕಾಯಿತು.

ಈ ಪಾಠವನ್ನು ನಮ್ಮವರು ಪರರ ಖರ್ಚಿನಲ್ಲಿ ಕಲಿಯುವುದು ಮೇಲು. ಅಳತೆಗೋಲನ್ನು ಪರದೇಶದಿಂದ ತರಿಸಬಹುದು; ಅಳೆಯಿಸಿಕೊಳ್ಳುವ ದೇಹವು ಈ ನಾಡಿನದು. ಆದುದರಿಂದ ನಮ್ಮ ಜನರನ್ನೇ, ಅವರ ಆಹಾರವನ್ನೂ ಬಿಸಿಲಿನ ದುಡಿಮೆಯನ್ನೂ ಗಣನೆಗೆ ತಂದುಕೊಂಡು, ಪರೀಕ್ಷಿಸಿ ಮಿತಿಗಳನ್ನು ಗೊತ್ತುಮಾಡಬೇಕು. ವರದಿಯಲ್ಲಿ ದ್ರವ್ಯದ ಅಂಕಿಯೊಡನೆ ಕ್ರಿಯಾಟಿನಿನ್ ಮತ್ತು ವಿಶಿಷ್ಟ ಗುರುತ್ವದ ಅಂಕಿಗಳನ್ನೂ ಕಾಣಿಸಿ, ಅದರ ಪ್ರತಿಯನ್ನು ನೌಕರನಿಗೆ ಕೊಡಬೇಕು. ತೆಳುವಾದ ಮಾದರಿಯನ್ನು ಅಪರಾಧವೆಂದೆಣಿಸದೆ, ಮತ್ತೊಂದನ್ನು ತೆಗೆದುಕೊಳ್ಳಬೇಕು. ನೀರು ಕುಡಿದವನೆಲ್ಲ ಕಳ್ಳನಲ್ಲ. ಕಳ್ಳನಾದವನು ನೀರಿನಿಂದ ತಪ್ಪಿಸಿಕೊಳ್ಳಲೂ ಬಾರದು. ಈ ಎರಡನ್ನೂ ಸಾಧಿಸುವ ನಿಯಮವನ್ನು ಅಧಿಕಾರಿಗಳು ರಚಿಸುವರೆಂದು ನಾವು ನಿರೀಕ್ಷಿಸುತ್ತೇವೆ.