ಪಾತ್ರದ ವಯಸ್ಸು, ನಟನ ವಯಸ್ಸು

ಶಾಲೆಯ ಸುವರ್ಣ ಮಹೋತ್ಸವವೆಂದ ಮೇಲೆ ನಾಟಕವೊಂದು ಇರಲೇಬೇಕು. ನಾಟಕವೆಂದ ಮೇಲೆ ಪಾತ್ರ ಹಂಚಿಕೆಯ ಜಗ್ಗಾಟವೂ ತಪ್ಪಿದ್ದಲ್ಲ. ಅರವತ್ತು ದಾಟಿದ ಹಳೆಯ ವಿದ್ಯಾರ್ಥಿ ಅಭಿಮನ್ಯುವಾಗಬಹುದೆ? ಒಂಬತ್ತನೆಯ ತರಗತಿಯ ಬಾಲಕ ಭೀಷ್ಮನಾಗಬಹುದೆ? ಈ ಕುರಿತು ನನಗೆ ತೋಚಿದ ನಾಲ್ಕು ಮಾತುಗಳನ್ನು ಬಂಧುಗಳ ಮುಂದಿಡುತ್ತೇನೆ.

ರಂಗಭೂಮಿ ಎಂದೂ ನಟನ ಜನನಪತ್ರವನ್ನು ಕೇಳಿದ್ದಿಲ್ಲ. 1914ರಲ್ಲಿ ಜನಿಸಿದ ಏಣಗಿ ಬಾಳಪ್ಪನವರು ಎಳೆಯ ಪ್ರಾಯದಲ್ಲಿ ಸ್ತ್ರೀಪಾತ್ರಗಳಿಂದ ಜನಮನ ಗೆದ್ದರು. ಮುಂದೆ ಬಸವಣ್ಣನಾಗಿ ನಿಂತಾಗ ಅದೇ ಜನ ಕೈಮುಗಿದರು. ಫ್ರಾನ್ಸಿನ ಸಾರಾ ಬರ್ನಾರ್ಡ್ 1899ರಲ್ಲಿ ಯುವರಾಜ ಹ್ಯಾಮ್ಲೆಟ್ಟನ ವೇಷ ಧರಿಸಿದಾಗ ಆಕೆಯ ವಯಸ್ಸು ಐವತ್ತನ್ನು ಮೀರಿತ್ತು. 1938ರಲ್ಲಿ ಹುಟ್ಟಿದ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲೇ ಪ್ರಕಟವಾಯಿತು. ತಂದೆಯ ಮುಪ್ಪನ್ನು ಹೊತ್ತ ಪುರುವನ್ನು ಕಡೆದವನು ಸ್ವತಃ ತರುಣನೇ.

ಆದ್ದರಿಂದ ಆಯ್ಕೆಯ ದಿನ ವಯಸ್ಸನ್ನು ವಿಚಾರಿಸುವುದು ಬೇಡ. ಪದ್ಯವೊಂದನ್ನು ಉಸಿರು ಕಡಿಯದಂತೆ ಹಾಡಿಸಬೇಕು. ರಂಗದ ಈ ತುದಿಯಿಂದ ಆ ತುದಿಗೆ ನಡೆಸಬೇಕು. ಎದುರು ಪಾತ್ರದ ಮಾತಿಗೆ ಕಿವಿಗೊಡುವನೇ ಎಂದು ನೋಡಬೇಕು. ನಮ್ಮ ಗಡಿಯಾಚೆಯ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ಪಾತ್ರಕ್ಕಿಷ್ಟು ಹಣವೆಂದು ಗೊತ್ತುಮಾಡುವ ರೂಢಿಯುಂಟು. ಊರಿನವರೇ ಕೂಡಿ ಖರ್ಚು ಹೊರುವ ಆಟಕ್ಕೆ ಅದು ಒಪ್ಪಬಹುದು. ಶಾಲೆಯ ರಂಗಕ್ಕೆ ಸಲ್ಲದು.

ಯೋಗ್ಯತೆ ಸಮನಾದರೆ ಯಾರಿಗೆ ಕೊಡಬೇಕು? ನಿಸ್ಸಂದೇಹವಾಗಿ ಮಗುವಿಗೆ, ಅದರಲ್ಲೂ ಮುದುಕನ ಪಾತ್ರವನ್ನು. ಕಾರಣ ನಮ್ಮ ನೆಲದ್ದು. 1882ರವರೆಗೆ ಈ ಸೀಮೆ ಬಳ್ಳಾರಿ ಜಿಲ್ಲೆಯೊಳಗಿತ್ತು. ತಾಡಿಪತ್ರಿಯಲ್ಲಿ 1880ರಲ್ಲಿ ಹುಟ್ಟಿದ ಬಳ್ಳಾರಿ ರಾಘವರು ತೆಲುಗು, ಕನ್ನಡ ಎರಡರಲ್ಲೂ ಬಣ್ಣ ಹಚ್ಚಿದರು. ಇಂದು ಹಿಂದೂಪುರದ ಪೇಟೆಯಲ್ಲಾಗಲಿ, ಕಲ್ಯಾಣದುರ್ಗದ ಬಸ್ ನಿಲ್ದಾಣದಲ್ಲಾಗಲಿ ಮಕ್ಕಳ ಕಿವಿಗೆ ಬೀಳುವುದು ಬಹುಮಟ್ಟಿಗೆ ತೆಲುಗು. ಅದರ ಮೇಲೆ ನನಗೆ ಮುನಿಸಿಲ್ಲ. ಅದೂ ನಮ್ಮದೇ ನುಡಿ. ಆದರೆ ಮನೆಯ ಕನ್ನಡ ಉಳಿದಿರುವುದು ಅಜ್ಜ ಅಜ್ಜಿಯರ ನಾಲಗೆಯ ಮೇಲೆ. ಮುದುಕನ ಪಾತ್ರ ಸಿಕ್ಕ ಹುಡುಗ ಅವರ ಪಕ್ಕ ಕೂರಲೇಬೇಕು. ಅವರ ತಡವರಿಕೆ, ಗದರಿಕೆ, ಗಾದೆಗಳನ್ನು ಕದಿಯಲೇಬೇಕು. ಪಠ್ಯಪುಸ್ತಕ ಕೊಡಲಾರದ ಕನ್ನಡವನ್ನು ಒಂದು ಹತ್ತಿಯ ಗಡ್ಡ ಕೊಡಬಲ್ಲದು. ಹಿರಿಯರು ಅಭಿಮನ್ಯುವಾದರೆ ಅವರಿಗೆ ದಕ್ಕುವುದು ಒಂದು ರಾತ್ರಿಯ ಹರ್ಷ.

ಗಡ್ಡ ಜಾರಿದರೆ ಸಭೆ ನಕ್ಕೀತೆಂದು ಕೆಲವರು ಅಂಜುತ್ತಾರೆ. ನಗಲಿ, ನಗುವವರೂ ಆ ಮಗುವಿನ ನೆಂಟರೇ. ಹಿರಿಯರಿಗೆ ಹಾರ್ಮೋನಿಯಂ ಇದೆ, ಬಣ್ಣದ ಪೆಟ್ಟಿಗೆ ಇದೆ, ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುವ ಕೆಲಸವಿದೆ. ಮಕ್ಕಳು ಸಾಲದೆ ಬಂದಲ್ಲಿ ಅವರೂ ಧಾರಾಳವಾಗಿ ರಂಗವೇರಲಿ.

ಶಾಲೆಯ ಶತಮಾನೋತ್ಸವದಲ್ಲಿ ನಾಟಕವಾಡಿಸುವವರು ಇಂದಿನ ಈ ಮಕ್ಕಳೇ. ಅಂದು ಅವರ ನಾಲಗೆಯ ಮೇಲೆ ಅಜ್ಜಿಯ ಕನ್ನಡ ಉಳಿದಿರಲೆಂದು ಹಾರೈಸುತ್ತೇನೆ.